ಹರಾಜಾದದ್ದು ಮೀನು, ಹೊಳೆಯಲ್ಲ

ಮೊನ್ನೆ ಭಾನುವಾರ ಕಯಾಕ್ ಎಂಬ, ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿಯನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಹುಬ್ಬಳ್ಳಿಯಿಂದ ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೋಗಿದ್ದೆ. (ಐವತ್ತು ದಾಟಿದ ಮೇಲೆ ನನಗೆ ಹತ್ತಿದ ಈ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ.) ಮುಕ್ತೇಶ್ವರ ಗುಡಿಯ ಹತ್ತಿರ ತುಂಗಭದ್ರೆಗೆ ಇಳಿದು ಇನ್ನೂ ನೂರು ಹುಟ್ಟು ಹಾಕಿರಲಿಲ್ಲ, ದಡದಿಂದ ಒಬ್ಬರು ಕೂಗಿದರು: "ಸಾಹೇಬ್ರ, ಹೊರಗ ಬರ್ರಿ. ಈ ಹೊಳಿ ನಾವು ಹರಾಜಿನ್ಯಾಗ ಹಿಡದೇವಿ."

ವಿಚಾರಿಸಿದರೆ, ಅವರು ಹಿಡಿದದ್ದು ಮೀನಿನ ಗುತ್ತಿಗೆ. ಹುಣಸೆಮರದ ಫಸಲನ್ನು ಗುತ್ತಿಗೆ ಹಿಡಿದವರು ದಾರಿಹೋಕರಿಗೆ ಅದರ ನೆರಳಿನಲ್ಲಿ ಕೂರಬೇಡಿರೆಂದರೆ ಹೇಗಿರುತ್ತದೋ, ಇದೂ ಹಾಗೆಯೇ ಇತ್ತು.

ಈ ಹೊಳೆಯ ಮೇಲೆ ಗುತ್ತಿಗೆ ಹೊಸದೇನಲ್ಲ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1868ರ ಕಾಯ್ದೆಯಡಿ ಸಾರ್ವಜನಿಕ ದೋಣಿಗಡವುಗಳ ಸುಂಕವನ್ನು ಗುತ್ತಿಗೆಗೆ ಕೊಡಲಾಗುತ್ತಿತ್ತು. ಆದರೆ ಗುತ್ತಿಗೆಯಾದದ್ದು ಜನರನ್ನು ದಾಟಿಸಿ ಹಣ ಪಡೆಯುವ ಹಕ್ಕೇ ಹೊರತು ಹೊಳೆಯಲ್ಲ. ಮುಂಡರಗಿ ಸೀಮೆಯ ದಡದಲ್ಲಿ ಹರಿಗೋಲು ಹತ್ತಿದವರು ಆಚೆ ಇಳಿದರೆ ಮದ್ರಾಸ್ ಪ್ರಾಂತ. ವಿಜಯನಗರಕ್ಕೆ ಹೂವು ಹಡಗಿನಲ್ಲೇ ಹೋಗುತ್ತಿತ್ತೆಂದು ಜನ ಇಂದಿಗೂ ಹೇಳುವ ಹೂವಿನ ಹಡಗಲಿ. ಎರಡು ಪ್ರಾಂತಗಳ ನಡುವೆ ಸಲೀಸಾಗಿ ಓಡಾಡಿದ ಹೊಳೆಯಲ್ಲಿ ನನ್ನ ಒಂಬತ್ತು ಅಡಿಯ ಕಯಾಕಿಗೆ ಜಾಗವಿಲ್ಲವೆಂದರೆ! 2016ರಲ್ಲಿ ಸಂಸತ್ತು ಪಟ್ಟಿ ಮಾಡಿದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ತುಂಗಭದ್ರೆಯೂ ಇದೆ. ನದಿಯಂಥ ಸಂಪತ್ತಿಗೆ ಸರ್ಕಾರ ಜನರ ಪರವಾದ ಧರ್ಮದರ್ಶಿ ಮಾತ್ರವೆಂದು ಸುಪ್ರೀಂ ಕೋರ್ಟ್ ಬಿಯಾಸ್ ನದಿಯ ಪ್ರಕರಣದಲ್ಲಿ 1996ರಲ್ಲೇ ಹೇಳಿದೆ. ಇಷ್ಟನ್ನೂ ನಾನು ನೀರಿನಲ್ಲಿ ತೇಲುತ್ತಲೇ ವಿವರಿಸಿದೆ. ಅವರು ಬೀಡಿ ಹಚ್ಚಿದರು.

ಬಲೆ ಹರಿದರೆ ಮೀನುಗಾರರ ಹೊಟ್ಟೆಯ ಗತಿಯೇನೆಂದು ನೀವು ಕೇಳಬಹುದು. ಬಲೆ ಎಲ್ಲಿದೆಯೆಂದು ತೋರಿಸಿದರೆ ಸುತ್ತುಹಾಕಿ ಹೋಗುವಷ್ಟು ಬುದ್ಧಿ ನನಗಿದೆ. (ಬಂಡೆಯ ಬಳಿ ನೀಲಿ ನೂಲಿನ ಬಲೆಯ ಅಂಚು ನನ್ನ ಹುಟ್ಟಿಗೆ ಸಿಕ್ಕಿದ್ದು ನಿಜ, ಬಿಡಿಸಲು ಐದು ನಿಮಿಷ ಹಿಡಿದದ್ದೂ ನಿಜ, ಅದು ಹರಿಯಲಿಲ್ಲ.) ಇನ್ನು ಸುರಕ್ಷತೆಯ ಮಾತು ಬೇಡ. ಮೈಮೇಲೆ ಲೈಫ್ ಜಾಕೆಟ್ ಇದ್ದದ್ದು ನನಗೊಬ್ಬನಿಗೇ.

ಇಷ್ಟೆಲ್ಲ ವಾದಿಸಿದವನು ಕೊನೆಗೆ ಮಾಡಿದ್ದೇನು? ಇನ್ನೂರು ರೂಪಾಯಿ ಕೊಟ್ಟೆ. ರಸೀದಿ ಕೇಳಿದ್ದಕ್ಕೆ ನಕ್ಕರು. ಅದೂ ಎಲ್ಲಿ? ಹೊಳೆ ದಾಟಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರಿನಲ್ಲಿ. ಅಲ್ಲೇ ಡಾಂಬರು ಬಳಿದ ಹರಿಗೋಲನ್ನು ಬಿಸಿಲಿಗೆ ಬೋರಲು ಹಾಕಿ ಕೂತಿದ್ದ ಅಜ್ಜನೊಬ್ಬ ನನ್ನನ್ನು ಕೇಳಿದ: "ನೀವೂ ಕೊಟ್ರ್ಯಾ?"