ಹಗ್ಗದ ಮೇಲಿನ ಜುಲೈ

ಸೋಮವಾರ ಬೆಳಿಗ್ಗೆ ಏಳೂಕಾಲಕ್ಕೆ ಹಸಿ ಬನಿಯನ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟೆ. ಚುಂಯ್ ಅಂತ ಹಬೆ ಎದ್ದಿತು. ಮುಗ್ಗು ವಾಸನೆ ಅಡುಗೆಮನೆವರೆಗೂ ಹೋಯಿತು. "ನಾಯಿ ಏನಾದರೂ ಒಳಗೆ ಬಂತಾ?" ಅಂತ ಹೆಂಡತಿ ಅಲ್ಲಿಂದಲೇ ಕೇಳಿದಳು. ಶುಕ್ರವಾರ ಒಗೆದ ಬನಿಯನ್ ಅದು.

ಮುಂಬಯಿಯ ಚೆಂಬೂರಿನ ನಮ್ಮ ಎರಡನೇ ಮಹಡಿಯ ಮನೆಯಲ್ಲಿ ಜುಲೈ ಪೂರ್ತಿ ಬಟ್ಟೆ ಒಣಗುವುದಿಲ್ಲ. ಕಿಟಕಿಯಿಂದ ದೇವರ ಗೂಡಿನವರೆಗೆ ಒಂದು ಹಗ್ಗ, ಕಪಾಟಿನಿಂದ ಬಾಗಿಲಿನವರೆಗೆ ಇನ್ನೊಂದು. ನೆಂಟರು ಬಂದರೆ ಲುಂಗಿ ಸರಿಸಿ ಒಳಗೆ ಬರಬೇಕು. ಗಾಳಿಯಲ್ಲಿ ತೇವ ಶೇ 85, ಶೇ 90. ಅಂದರೆ ಕುರ್ಲಾದಲ್ಲಿ ಬೆಳಿಗ್ಗೆ ಒಂಬತ್ತರ ಲೋಕಲ್ ಇದ್ದ ಹಾಗೆ. ನನ್ನ ಟವೆಲಿನ ನೀರು ಹತ್ತಬೇಕಾದರೆ ಒಳಗಿದ್ದವರು ಯಾರಾದರೂ ಇಳಿಯಬೇಕು. ಯಾರೂ ಇಳಿಯುವುದಿಲ್ಲ. ಸಮುದ್ರದಿಂದ ಎದ್ದ ಹಬೆ ಸರಾಸರಿ ಒಂಬತ್ತು ಹತ್ತು ದಿನ ಮೇಲಿದ್ದು ಮಳೆಯಾಗಿ ಇಳಿದುಬಿಡುತ್ತದೆ ಅನ್ನುತ್ತಾರೆ. ನನ್ನ ಜೀನ್ಸ್ ಪ್ಯಾಂಟಿನ ಸೊಂಟದ ಪಟ್ಟಿಯಲ್ಲಿರುವ ನೀರು ಅಷ್ಟು ದಿನವಾದರೂ ಮನೆ ಬಿಟ್ಟೇ ಹೊರಟಿಲ್ಲ.

ಶಾಲೆಯಲ್ಲಿ ನಾವೆಲ್ಲ ಜಲಚಕ್ರದ ಚಿತ್ರ ಬರೆದವರೇ. ಸಮುದ್ರದಿಂದ ಮೋಡಕ್ಕೆ ಒಂದು ಬಾಣ, ಮೋಡದಿಂದ ಬೆಟ್ಟಕ್ಕೆ ಒಂದು. ಮೂರನೇ ಮಹಡಿಯ ಕಾಕೂ ಅವರ ಚಾದರದಿಂದ ಎರಡನೇ ಮಹಡಿಯ ನನ್ನ ಅಂಗಿಗೆ ಬರುವ ಬಾಣವನ್ನು ಮಾತ್ರ ಯಾರೂ ಬರೆದಿಲ್ಲ.

ಈ ಕಾಕೂ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಲ್ಲೋ ಅಪರೂಪಕ್ಕೆ ಎರಡು ತಾಸು ಬಿಸಿಲು ಬೀಳುತ್ತದಲ್ಲ, ಆಗ ಇಡೀ ಬಿಲ್ಡಿಂಗೇ ಗ್ರಿಲ್ಲಿಗೆ ಬಂದು ನಿಲ್ಲುತ್ತದೆ. ನಾನೂ ಅಂಗಿಗಳನ್ನು ಹೊರಗಿನ ಹಗ್ಗಕ್ಕೆ ಹಾಕುತ್ತೇನೆ. ಇನ್ನು ಹತ್ತು ನಿಮಿಷ, ಕಾಲರ್ ಒಂದು ಒಣಗಿದರೆ ಸಾಕು ಅನ್ನುವಾಗ ಮೇಲಿನಿಂದ ಡಬಲ್ ಚಾದರ ಇಳಿಯುತ್ತದೆ. ಹಿಂಡದ ಚಾದರ. ಹಿಂಡಿದರೆ ಬಟ್ಟೆಯ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅವರ ನಂಬಿಕೆ. ಪಕ್ಕದ ಮನೆಯ ಹಗ್ಗಕ್ಕೆ ಒಂದು ಹನಿಯೂ ಇಲ್ಲ, ಎಲ್ಲಾ ನನಗೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದಾಗ ಇದೇ ಊರಿನ ಕೊಲಾಬಾದಲ್ಲಿ ಬಿದ್ದದ್ದು 74ರ ಹತ್ತಿರ. ಮೋಡಕ್ಕೇ ಇಂಥ ಪಕ್ಷಪಾತ ಇರುವಾಗ ಕಾಕೂಗೆ ಏನು ಹೇಳೋಣ?

ಆದರೂ ಒಮ್ಮೆ ಹೇಳಿದೆ, ನಯವಾಗಿಯೇ. "ಪಾವಸಾಳಾ ಆಹೇ, ಪಾಣೀ ಯೇಣಾರಚ," ಅಂದರು. ಮಳೆಗಾಲ, ನೀರು ಬಂದೇ ಬರುತ್ತೆ ಅಂತ. ಸರಿ, ಸೊಸೈಟಿ ಮೀಟಿಂಗಿನಲ್ಲಿ ವಿಷಯ ಎತ್ತಿದೆ. ಲಿಫ್ಟ್ ರಿಪೇರಿಗೆ ಐದು ನಿಮಿಷ ಕೊಟ್ಟ ಸಭೆ ನನ್ನ ಅಂಗಿಗೆ ಮುಕ್ಕಾಲು ತಾಸು ಕೊಟ್ಟಿತು. 'ಬಟ್ಟೆಗಳನ್ನು ಹಿಂಡಿಯೇ ಹಾಕತಕ್ಕದ್ದು' ಅಂತ ಠರಾವು ಆಯಿತು. ನೋಟೀಸನ್ನು ಮೆಟ್ಟಿಲ ಹತ್ತಿರದ ಗೋಡೆಗೆ ಅಂಟಿಸಿದರು. ಆ ಗೋಡೆಯೂ ಒಸರುತ್ತದೆ. ಎರಡೇ ದಿನಕ್ಕೆ ಶಾಯಿ ಹರಡಿ 'ಬಟ್ಟೆ' ಅನ್ನುವುದೊಂದು ಉಳಿಯಿತು.

ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಹಳೇ ಛತ್ರಿ ಬಿಚ್ಚಿ, ಹಗ್ಗದ ಮೇಲೆ ಬರುವ ಹಾಗೆ ಗ್ರಿಲ್ಲಿಗೆ ಸುತಳಿಯಿಂದ ಕಟ್ಟಿದೆ. ಸಹ್ಯಾದ್ರಿ ಮಾಡುವುದೂ ಇದನ್ನೇ ಅಲ್ವಾ? ಸಮುದ್ರದ ಕಡೆಯಿಂದ ಬಂದ ಮಳೆಯನ್ನೆಲ್ಲ ಕೊಂಕಣದ ಕಡೆ ಸುರಿಸಿಕೊಂಡು ಆಚೆ ಬದಿಯನ್ನು ಒಣಗಿಸುತ್ತದೆ. ಎರಡು ದಿನ ನನ್ನ ಅಂಗಿಗಳು ಘಟ್ಟದ ಆಚೆಯ ಸೋಲಾಪುರದ ಹಾಗೆ ಸುಖವಾಗಿದ್ದವು. ಮೂರನೇ ದಿನ ಗಾಳಿ ಬಂತು. ಛತ್ರಿ ಸುತಳಿ ಸಮೇತ ಕೆಳಗೆ ಹೋಯಿತು.

ಸಂಜೆ ಬೆಲ್ ಆಯಿತು. ಮೊದಲನೇ ಮಹಡಿಯ ಆಜೋಬಾ, ಅಂದರೆ ಅಜ್ಜ. ಒಂದು ಕೈಯಲ್ಲಿ ನನ್ನ ಛತ್ರಿ, ಇನ್ನೊಂದರಲ್ಲಿ ಬಿಳಿ ಧೋತರ. ಧೋತರದ ತುಂಬ ನೀಲಿ ಕಲೆ. ನನ್ನ ಮಗಳ ಹೊಸ ಚೂಡಿದಾರದ ಬಣ್ಣ, ಗುರುತು ಹಿಡಿಯುವುದು ಕಷ್ಟವೇನಿರಲಿಲ್ಲ. "ಎರಡು ವರ್ಷದಿಂದ ಹೇಳಬೇಕು ಅಂತಿದ್ದೆ," ಅಂದರು. ನನಗೆ ಬೇರೇನೂ ಹೊಳೆಯಲಿಲ್ಲ. "ಪಾವಸಾಳಾ ಆಹೇ," ಅಂದೆ.

ಇಷ್ಟು ಸುರಿದದ್ದು ಕುಡಿಯಲಿಕ್ಕಾದರೂ ಬಂತೇ? ಅದೂ ಇಲ್ಲ. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳಲ್ಲಿ ಊರೊಳಗೆ ಇರುವುದು ವಿಹಾರ್, ತುಳಸಿ ಎರಡೇ, ಅವೂ ಚಿಕ್ಕವು. ತಾನಸಾ, ಭಾತಸಾ, ವೈತರಣಾಗಳೆಲ್ಲ ಎಲ್ಲೋ ದೂರ. ನಮ್ಮ ತಲೆ ಮೇಲೆ, ಹಳಿ ಮೇಲೆ, ಹಗ್ಗದ ಮೇಲೆ ಬಿದ್ದದ್ದು ಸೀದಾ ಗಟಾರ, ಅಲ್ಲಿಂದ ಸಮುದ್ರ. ಮೊಳಕಾಲು ನೀರಿನಲ್ಲಿ ನಿಂತು 'ಕೆರೆಗಳಲ್ಲಿ ಇನ್ನೂ ನೀರು ಸಾಲದು' ಅನ್ನುವ ಸುದ್ದಿ ಓದಿದ್ದೇನೆ. ಮೈ ಉರಿಯುತ್ತದೆ.

ರಾತ್ರಿ ಅವ್ವ ಫೋನ್ ಮಾಡಿದ್ದಳು. ನಮ್ಮೂರು ಇಂಡಿ ತಾಲೂಕಿನಲ್ಲಿ, ಭೀಮಾ ಹೊಳೆಯ ದಂಡೆ. ಬಟ್ಟೆಯ ಕಥೆ ಕೇಳಿ ನಕ್ಕಳು. "ಇಲ್ಲಿ ಅರಿವಿ ಹಾಕಿ ಹೊಳ್ಳಿ ನೋಡೂದ್ರಾಗ ಒಣಗಿರ್ತಾವ. ಮಳಿನೂ ಇಲ್ಲ, ಹೊಳ್ಯಾಗ ನೀರೂ ಇಲ್ಲ. ಫ್ಯಾನ್ ಹಚ್ಚೋ ತಮ್ಮಾ."

ಫ್ಯಾನ್ ರಾತ್ರಿಯಿಡೀ ತಿರುಗುತ್ತದೆ ಅಂದೆ. ಆ ಫ್ಯಾನಿನ ಕಥೆ ಮಾತ್ರ ಹೇಳಲಿಲ್ಲ. ಪುಣೆಯ ಪಶ್ಚಿಮಕ್ಕೆ ಮುಳಶಿಯಲ್ಲಿ ಬೀಳುವ ಮಳೆ ನ್ಯಾಯವಾಗಿ ಮುಳಾ ನದಿಯಲ್ಲಿ ಪುಣೆ ದಾಟಿ, ಭೀಮೆಗೆ ಸೇರಿ, ಅವ್ವನ ಮುಂದೆ ಹಾದುಹೋಗಬೇಕು. ಅಲ್ಲಿ ಅಣೆಕಟ್ಟು ಕಟ್ಟಿ ನೀರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಭೂಮಿ ಹೋಗುತ್ತದೆಂದು 1921ರಲ್ಲಿ ರೈತರು ಸೇನಾಪತಿ ಬಾಪಟರ ಜೊತೆ ಸತ್ಯಾಗ್ರಹ ಕೂತರೂ ಅದು ನಿಲ್ಲಲಿಲ್ಲ. ನೀರು ಘಟ್ಟದ ಕೆಳಗೆ ಭಿರಾದಲ್ಲಿ ಧುಮುಕಿ, ಮುಂಬಯಿಗೆ ಕರೆಂಟು ಮಾಡಿಕೊಟ್ಟು, ಕುಂಡಲಿಕಾ ನದಿಯಲ್ಲಿ ಅರಬ್ಬಿ ಸಮುದ್ರಕ್ಕೆ ವಾಪಸ್ಸು. ಎದ್ದು ಬಂದದ್ದೂ ಅಲ್ಲಿಂದಲೇ. ಅವ್ವನ ಹೊಳೆಗೆ ಹೋಗಬೇಕಾದ ನೀರು, ಒಂದು ಚಮಚವಾದರೂ ಸರಿ, ಇಲ್ಲಿ ನನ್ನ ಬನಿಯನ್ ಮೇಲೆ ರೆಕ್ಕೆ ತಿರುಗಿಸುತ್ತಿದೆ.

"ಬಿಲ್ಲು ಎಷ್ಟ್ ಬರ್ತೈತಿ?" ಅಂತ ಕೇಳಿದಳು. ಕಡಿಮೆ ಮಾಡಿ ಹೇಳಿದೆ.

ಇದರಿಂದ ಏನೋ ಒಂದು ಹೊಳೆದಿತ್ತು, ಫೋನ್ ಇಡುವಾಗ. ದೊಡ್ಡದೇ ಇತ್ತು. ಬರೆದಿಡೋಣ ಅಂತ ಎದ್ದವನು ದಾರಿಯಲ್ಲಿ ಜೀನ್ಸ್ ಪ್ಯಾಂಟಿಗೆ ಮುಖ ತಾಗಿಸಿಕೊಂಡೆ. ಕಾಲುಗಳು ಒಣಗಿದ್ದವು. ಜೇಬಿನೊಳಗೆ ಕೈ ಹಾಕಿ ನೋಡಿದೆ. ಒಂದು ಲೋಕಲ್ ಟಿಕೆಟ್ಟು, ಮುದ್ದೆಯಾಗಿ, ಇನ್ನೂ ಹಸಿ.