ಯಾರ್ಕ್‌ನ ಗೋಡೆಯ ಮೇಲೆ ಅಪ್ಪನ ಜೊತೆ ಒಂದು ವಾದ

ಇಂಗ್ಲೆಂಡಿಗೆ ಹೋಗಿಬಂದ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪುವುದಿಲ್ಲ: "ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ! ನಮ್ಮವರಿಗೆ ಆ ಬುದ್ಧಿ ಎಲ್ಲಿ?" ಲಂಡನ್‌ನಲ್ಲಿ ರೈಲು ಹತ್ತಿದಾಗಿನಿಂದ ಅಪ್ಪನದು ಇದೇ ಜಪ. ನಾವು ಐದು ಜನ, ಆರು ದಿನ, ಬಾತ್, ಆಕ್ಸ್‌ಫರ್ಡ್, ಯಾರ್ಕ್. ಅಮ್ಮನ ಚೀಲದಲ್ಲಿ ಚಟ್ನಿಪುಡಿ, ಹುರಿದ ಅವಲಕ್ಕಿ.

ಆಕ್ಸ್‌ಫರ್ಡ್‌ನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮಳೆ ಸುರಿಯಿತು, ಕಾಲೇಜುಗಳ ಹೆಬ್ಬಾಗಿಲಲ್ಲಿ ಇಣುಕಿದೆವು, ಚಹಾ ಕುಡಿದೆವು.

ಬಾತ್ ಮಾತ್ರ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ರೋಮನ್ನರ ಸ್ನಾನದ ಕೊಳಕ್ಕೆ ಸುಮಾರು 46 ಡಿಗ್ರಿ ಬಿಸಿಯ ಬುಗ್ಗೆ ಇಂದಿಗೂ ಹರಿದು ಬರುತ್ತದೆ. ಹಬೆಯಾಡುವ ನೀರು ಪಾಚಿಯಿಂದ ಹಸಿರು. ಸುತ್ತಲಿನ ಮೇಲಂತಸ್ತಿನಲ್ಲಿ ನಿಂತ ರೋಮನ್ ದೊರೆಗಳ ಪ್ರತಿಮೆಗಳನ್ನು ಅಪ್ಪ ಭಕ್ತಿಯಿಂದ ಫೋಟೋ ತೆಗೆದರು. ಅವು ವಿಕ್ಟೋರಿಯಾ ರಾಣಿಯ ಕಾಲದವು. ಕಂಬಗಳ ಬುಡದಿಂದ ಕೆಳಗಿರುವುದಷ್ಟೇ ರೋಮನ್ನರದು. ಹೇಳಿದೆ, ಅಪ್ಪ ಕೇಳಿಸದವರಂತೆ ಮುಂದೆ ಹೋದರು.

ಒಳಗಿನ ಸಂಗ್ರಹಾಲಯದಲ್ಲಿ ಸೀಸದ ಪುಟ್ಟ ತಗಡುಗಳಿವೆ. ಇಂಥವು ಆ ಬುಗ್ಗೆಯಲ್ಲಿ ಸುಮಾರು 130 ಸಿಕ್ಕಿವೆ. ಏನಾದರೂ ಕಳುವಾದರೆ ಅದರ ಮೇಲೆ ದೂರು ಗೀಚಿ, ಸುರುಳಿ ಸುತ್ತಿ, ಸುಲಿಸ್ ಮಿನರ್ವ ದೇವಿಗೆಂದು ನೀರಿಗೆ ಎಸೆಯುತ್ತಿದ್ದರು. ಡೊಸಿಮೆಡಿಸ್ ಎಂಬವನ ಕೈಗವಸುಗಳು ಹೋಗಿದ್ದವು. ಕದ್ದವನಿಗೆ ಬುದ್ಧಿ ಕೆಡಲಿ, ಕಣ್ಣು ಹೋಗಲಿ ಎಂದು ಬೇಡಿದ್ದಾನೆ. ಎರಡು ಕೈಗವಸಿಗೆ ಎರಡು ಕಣ್ಣು! ದಾನ ಕೆಡಿಸಿದವನಿಗೆ ಮಹಾಪಾತಕ ಎಂದು ನಮ್ಮ ಹಲ್ಮಿಡಿ ಶಾಸನವೂ ಹೆದರಿಸುತ್ತದಲ್ಲ ಎಂದು ನಾನು ಮಗಳಿಗೆ ವಿವರಿಸುತ್ತಿದ್ದರೆ, ಅಮ್ಮ ನಡುವೆ ಬಾಯಿ ಹಾಕಿದಳು: "ನಮ್ಮ ಕಡೆ ದೇವಸ್ಥಾನದ ಮುಂದೆ ಚಪ್ಪಲಿ ಕಳೆದುಕೊಂಡವರೆಲ್ಲ ಹೀಗೆ ಬರೆಯಲು ಕೂತಿದ್ದರೆ ಊರಿನ ಸೀಸವೆಲ್ಲ ಮುಗಿಯುತ್ತಿತ್ತು."

ಯಾರ್ಕ್‌ನ ಸುತ್ತ ಮೂರು ಕಿಲೋಮೀಟರಿಗೂ ಹೆಚ್ಚು ಕೋಟೆಗೋಡೆ ಉಳಿದಿದೆ. ಮೇಲೆ ನಡೆಯಬಹುದು, ಒಂದು ಬದಿಗೆ ಮನೆಗಳ ಹಿತ್ತಿಲು, ಇನ್ನೊಂದು ಬದಿಗೆ ಬಸ್ಸುಗಳು, ದೂರದಲ್ಲಿ ಮಿನ್‌ಸ್ಟರ್ ಚರ್ಚಿನ ಗೋಪುರಗಳು. ಅಲ್ಲಿ ಅಪ್ಪ ಮತ್ತೆ ಶುರುಮಾಡಿದರು, "ನೋಡೋ, ಇದು ರಕ್ತದಲ್ಲೇ ಬರಬೇಕು."

ಇಲ್ಲ ಅಪ್ಪಾ ಎಂದೆ. 1800ರಲ್ಲಿ ಈ ಗೋಡೆಯನ್ನು ಕೆಡವಲು ಹೊರಟದ್ದು ಇದೇ ಊರಿನ ಆಡಳಿತ. ವಿರೋಧ ಎದ್ದಿದ್ದರಿಂದ ಬಹುಭಾಗ ಉಳಿಯಿತು. ಇಲ್ಲಿಯೇ ಹುಟ್ಟಿದ ವಿಲಿಯಂ ಎಟ್ಟಿ ಎಂಬ ಚಿತ್ರಕಾರನೂ ಮುಂದೆ ಗೋಡೆಯ ಪರ ನಿಂತ. ಅಷ್ಟಾದರೂ ದೊಡ್ಡ ಬಾಗಿಲುಗಳ ಮುಂದಿದ್ದ ರಕ್ಷಣಾ ಕಟ್ಟೆಗಳನ್ನು ಒಂದೊಂದಾಗಿ ಕಿತ್ತರು. ವಾಮ್‌ಗೇಟ್ ಬಾಗಿಲಿನದೊಂದೇ ಉಳಿದಿದೆ. ಇನ್ನು ಬೆಂಗಳೂರಿನ ಕೋಟೆ ಕರಗಿ ದೆಹಲಿ ಗೇಟಿನ ಸುತ್ತ ಒಂದಿಷ್ಟು ಕಲ್ಲು ಉಳಿದಿದೆಯಲ್ಲ, ಅದನ್ನು ಹೆಚ್ಚಾಗಿ ಕೆಡವಿದ್ದು ಬ್ರಿಟಿಷರ ಆಡಳಿತದಲ್ಲೇ. ಯಾರ ರಕ್ತ, ಯಾರ ಬುದ್ಧಿ? ಜಗಳ ಆಡುವವರು ಇದ್ದ ಕಡೆ ಗೋಡೆ ಉಳಿಯುತ್ತದೆ, ಅದೂ ಪೂರ್ತಿ ಉಳಿಯುವುದಿಲ್ಲ.

ಅಪ್ಪ ಉತ್ತರಿಸಲಿಲ್ಲ. ವಾಮ್‌ಗೇಟ್‌ನಲ್ಲಿ ಇಳಿದು ಆ ಕಟ್ಟೆಯ ಕಲ್ಲಿಗೆ ಕೈ ಊರಿ ತುಸು ಹೊತ್ತು ನಿಂತರು. ಆಮೇಲೆ ಹೇಳಿದರು: "ನಮ್ಮೂರಿನ ಕಲ್ಯಾಣಿ ಮುಚ್ಚಿ ಬಸ್ ನಿಲ್ದಾಣ ಮಾಡಿ ಎಂದು ಅರ್ಜಿ ಹೋಯಿತಲ್ಲ, ಅದರಲ್ಲಿ ಮೊದಲ ಸಹಿ ನನ್ನದೇ."