ಲೇಹ್‌ನಲ್ಲಿ ಚಳಿ ಎರಡನೆಯ ಮಾತು

ಊರ ಕಡೆಯಿಂದ ಲಡಾಖ್‌ಗೆ ಹೊರಡುವವರು ಮೊದಲು ಕೇಳುವುದು ಚಳಿ ಎಷ್ಟು ಅಂತ. ಇಲ್ಲಿ ನೆಲೆಸಿರುವ ನಾನು ಹೇಳುವುದಿಷ್ಟು: ಚಳಿಗೆ ಸ್ವೆಟರ್ ಇದೆ, ತೆಳುಗಾಳಿಗೂ ಒಣಹವೆಗೂ ಇಲ್ಲ. ಬೆಂಗಳೂರಿನ ಪ್ರಸ್ಥಭೂಮಿ ಸುಮಾರು 900 ಮೀಟರ್ ಎತ್ತರದ್ದು, ಲೇಹ್ 3,500. ಗಾಳಿಯ ಒತ್ತಡ ಕಡಲತಡಿಯ ಮೂರರಲ್ಲಿ ಎರಡು ಪಾಲು. ವರ್ಷವಿಡೀ ಮಳೆ, ಹಿಮ ಸೇರಿ 100 ಮಿ.ಮೀ. ಆಸುಪಾಸು, ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿಯುವುದುಂಟು. ಲಡಾಖ್‌ನದೇ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರಲ್ಲ, ಅದನ್ನು ಅಲ್ಲಿಟ್ಟಿದ್ದೂ ಈ ಒಣ, ತಿಳಿ ಆಕಾಶಕ್ಕಾಗಿಯೇ.

ತೆಳುಗಾಳಿಯ ಬಿಸಿ ಮೊದಲು ತಟ್ಟುವುದು ಅಡುಗೆಮನೆಗೆ. ನೀರು 88 ಡಿಗ್ರಿಗೇ ಕುದಿಯುತ್ತದೆ, ಉರಿ ಎಷ್ಟು ಹೆಚ್ಚಿಸಿದರೂ ಅದಕ್ಕಿಂತ ಮೇಲೇರದು. ಕುಕ್ಕರ್ ಇದ್ದರೂ ಪೂರಾ ಪರಿಹಾರವಲ್ಲ. ಅದರ ವೆಯ್ಟ್ ಹೊರಗಿನ ಒತ್ತಡದ ಮೇಲೆ ಇಷ್ಟೇ ಎಂದು ಸೇರಿಸುತ್ತದೆ. ಹೊರಗಡೆಯೇ ಕಮ್ಮಿ ಇದ್ದರೆ ಒಳಗೂ ಕಮ್ಮಿ. ಬೆಂಗಳೂರಿನಲ್ಲಿ ಒಳಗೆ 119 ಡಿಗ್ರಿ ಆಗುವುದು ಇಲ್ಲಿ 114ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ತೊಗರಿಬೇಳೆಯನ್ನು ಒಂದು ಗಂಟೆ ನೆನೆಸಿ, ಮೂರು ವಿಷಲ್ ಬದಲು ಐದಾರು ಹಾಕಿಸಬೇಕು. ಇಲ್ಲಿಯವರು ಬಾರ್ಲಿಯನ್ನು ಮೊದಲೇ ಹುರಿದು ಬೀಸಿಟ್ಟುಕೊಂಡು ಚಹಾದಲ್ಲಿ ಕಲಸಿ ತಿನ್ನುತ್ತಾರೆ. ನಮ್ಮ ರಾಗಿ ಹುರಿಹಿಟ್ಟಿನ ಉಪಾಯವೇ. ಸೌದೆ ಸಿಗದ, ನೀರು ಬೇಗ ಕುದಿದರೂ ಕಾಳು ಬೇಯದ ನಾಡಿಗೆ ಇದಕ್ಕಿಂತ ಜಾಣ ಊಟವಿಲ್ಲ.

ಮನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಗಟ್ಟಿ. ಮಲೆನಾಡಿನ ಮಾಡು ನೀರು ಇಳಿಸುವುದಕ್ಕೆ, ಇಲ್ಲಿಯ ಮನೆ ಬಿಸಿಲು ಹಿಡಿಯುವುದಕ್ಕೆ. ದಪ್ಪ ಹಸಿ ಇಟ್ಟಿಗೆಯ ಗೋಡೆ, ಪಾಪ್ಲರ್ ತೊಲೆ, ಮೇಲೆ ವಿಲೋ ಕಡ್ಡಿ, ಹುಲ್ಲು, ಮಣ್ಣು. ತೆಳುಗಾಳಿಯಲ್ಲಿ ಬಿಸಿಲು ಚುರುಕು, ಆದರೆ ಹೊತ್ತು ಮುಳುಗುತ್ತಲೇ ಶಾಖ ಆಕಾಶಕ್ಕೆ ಹಾರುತ್ತದೆ. ಹಗಲಿನ ಕಾವನ್ನು ರಾತ್ರಿಗೆ ಉಳಿಸುವುದು ಆ ದಪ್ಪ ಮಣ್ಣು. ಈಗ ಇದಕ್ಕೆ ಬಿಸಿಲ ಕಾವನ್ನು ಕೋಣೆಗೆ ಹಾಯಿಸುವ ಟ್ರಾಂಬ್ ಗೋಡೆಯೂ ಸೇರಿದೆ: ದಕ್ಷಿಣದ ಗೋಡೆಗೆ ಕಪ್ಪು ಬಣ್ಣ, ಹೊರಗೆ ಒಂದಿಷ್ಟು ಅಂತರ ಬಿಟ್ಟು ಗಾಜು, ಗೋಡೆಯ ಮೇಲೂ ಕೆಳಗೂ ಗಾಳಿಕಿಂಡಿ. ಕತ್ತಲಾದ ಮೇಲೆ ಕಿಂಡಿ ಮುಚ್ಚಲು ಮರೆತರೆ ಗಾಳಿ ತಿರುಗಿ ಹರಿದು ಕೋಣೆಯನ್ನೇ ತಣಿಸಿಬಿಡುತ್ತದೆ. ಬೇಸಿಗೆಯಲ್ಲಿ ಗಾಜಿಗೆ ಪರದೆ ಬೇಕು. 2010ರ ಆಗಸ್ಟ್‌ನಲ್ಲಿ ಇಲ್ಲಿ ಮಣ್ಣಿನ ಮನೆಗಳನ್ನು ಕೆಡವಿದ ಮೇಘಸ್ಫೋಟದ ನೆನಪಿನಲ್ಲಿ ಮಣ್ಣನ್ನೇ ಬಿಟ್ಟು ತೆಳು ಕಾಂಕ್ರೀಟಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಹಳ್ಳದ ಪಾತ್ರದಲ್ಲಿ ಕಟ್ಟದಿರುವುದು, ಮಾಡಿನ ಮಣ್ಣಿನಡಿ ನೀರು ತಡೆಯುವ ಹಾಳೆ ಹಾಸುವುದು, ಇವು ಮೊದಲು ಆಗಬೇಕಾದ ಕೆಲಸ.

ಇನ್ನು ನೀರು. ಬಿತ್ತನೆಗೆ ನೀರು ಬೇಕಾದ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿನ ಹಿಮನದಿ ಇನ್ನೂ ಕರಗಿರುವುದಿಲ್ಲ. ಅದಕ್ಕೇ ಇಲ್ಲಿಯ ಎಂಜಿನಿಯರ್ ಸೋನಮ್ ವಾಂಗ್‌ಚುಕ್ ಅವರ ಹಿಮಸ್ತೂಪ: ತೊರೆಯ ಮೇಲ್ಭಾಗದಿಂದ ಪೈಪ್ ಇಳಿಸಿದರೆ ಪಂಪ್ ಇಲ್ಲದೆಯೇ ನೀರು ಚಿಮ್ಮಿ, ಚಳಿಗಾಲದ ರಾತ್ರಿ ಶಂಕುವಿನಂತೆ ಹೆಪ್ಪುಗಟ್ಟುತ್ತದೆ. ಶಂಕುವಿನ ಆಕಾರಕ್ಕೆ ಬಿಸಿಲು ತಾಗುವ ಮೈ ಕಮ್ಮಿ, ಕರಗುವುದು ನಿಧಾನ. ಹರಿವು ನಿಂತರೆ ಪೈಪಿನೊಳಗೇ ನೀರು ಗಟ್ಟಿಯಾಗುತ್ತದೆ, ಆದ್ದರಿಂದ ನಿಲ್ಲಿಸಿದೊಡನೆ ಪೈಪ್ ಬರಿದು ಮಾಡಬೇಕು.

ಇಷ್ಟು ಕಷ್ಟಪಟ್ಟು ಕೂಡಿಡುವ ನೀರಿನ ಊರಲ್ಲಿ ನಮ್ಮವರು ಫ್ಲಶ್ ಇಲ್ಲದ ಕೋಣೆ ಬೇಡ ಎನ್ನುವುದು ನನಗೆ ನೋವಿನ ಸಂಗತಿ. ಇಲ್ಲಿಯ ಒಣ ಶೌಚದಲ್ಲಿ ಪ್ರತಿ ಸಲ ಒಂದು ಸಲಿಕೆ ಮಣ್ಣೋ ಬೂದಿಯೋ ಹಾಕಿದರೆ ಸಾಕು. ನೀರು ಸುರಿದರೇ ನಾತ. ಕೋಣೆ ಕಾಯ್ದಿರಿಸುವಾಗ ಒಣ ಶೌಚವಿರುವ ಮನೆಯನ್ನೇ ಕೇಳಿ.